ಹಳದಿ ಕೋಟಿನ ಹುಡುಗಿ ಕೂತ ಜಾಗ

...ಯಾಕೋ ನಗ್ತಿದೀಯ? ಕೊಕ್ಕರೆ ಬಂದು ನನ್ನ ತಟ್ಟೆಯಿಂದಲೇ ಚಿಪ್ಸ್ ಎತ್ಕೊಂಡು ಹೋಗಿದ್ದು ಅಷ್ಟು ತಮಾಷೆಯಾ ನಿನಗೆ? ನಾನು ನೋಡದೆ ಏನಿಲ್ಲ, ಪಾಪ ತಿನ್ಲಿ ಅಂತ ಬಿಟ್ಟೆ. ಗೋಲ್ಡ್ ಕೋಸ್ಟ್ ಕೊಕ್ಕರೆಗಳಿಗೆ ನಾಚಿಕೆ ಅನ್ನೋದು ಯಾವತ್ತಿತ್ತು ಹೇಳು. ಕಸದ ಡಬ್ಬಿ ಸಾಲದು ಅಂತ ಈಗ ಮೇಜಿಗೇ ಬಂದು ಕೂರ್ತವೆ. ನಿನ್ನ ತಟ್ಟೆ ಈ ಕಡೆ ತಳ್ಳು, ಹಂಚ್ಕೊಂಡು ತಿನ್ನೋಣ.

ಎಲ್ಲಿದ್ದೆ ನಾನು? ಹಾಂ, ದೆವ್ವದ ರೈಲಿನ ಸುರಂಗ. ಕಣ್ಣ ಮುಂದೆ ದೆವ್ವ ತೋರಿಸೋ ಆ ಕಪ್ಪು ಪೆಟ್ಟಿಗೇನ ಮುಖಕ್ಕೆ ಕಟ್ಟಿದ್ರು ನೋಡು, ಪಟ್ಟಿ ಬಿಗಿಯಾಗಿದ್ದೇ ತಡ ನನ್ನ ಎದೆ ಡವ ಡವ ಅನ್ನೋಕೆ ಶುರುವಾಯ್ತು ಕಣೋ ಫ್ಲಿನ್. ಇಷ್ಟು ವರ್ಷ ಆಗಿದೆ, ನಿನ್ನಮ್ಮ ಅಜ್ಜಿ ಆಗೋ ಹೊತ್ತಾಗಿದೆ, ಆದ್ರೂ ಅದೇ ಹೆದರಿಕೆ. ರೈಲಿನ ಡಬ್ಬಿ ಆ ಕಡೆ ಈ ಕಡೆ ವಾಲೋದು, ತಣ್ಣಗೆ ಗಾಳಿ ಬಿಡೋದು, ಮುಖಕ್ಕೆ ನೀರು ಚಿಮುಕಿಸೋದು, ಕಾಲ ಹತ್ರ ಏನೋ ಸವರಿದ ಹಾಗೆ ಮಾಡೋದು... ಎಲ್ಲಾ ಹಾಗೇ ಇಟ್ಟಿದಾರೆ. ಮತ್ತೆ ಅವಳು. ಹಳದಿ ರೇನ್‌ಕೋಟು ಹಾಕ್ಕೊಂಡು, ಲಾಟೀನು ಹಿಡ್ಕೊಂಡು, ಹಳಿ ಮೇಲೆ ನಿಂತಿರ್ತಾಳಲ್ಲ ಆ ಹುಡುಗಿ. 'ಒಳಗೆ ಬರ್ಲಾ' ಅಂತಾಳೆ ನೋಡು, ಅಷ್ಟು ಮೆತ್ತಗೆ. ಬಂದ್ಲು, ಸೀದಾ ನನ್ನ ಎದುರು ಸೀಟಲ್ಲೇ ಕೂತ್ಲು. ಮೊಣಕಾಲಿಗೆ ಮೊಣಕಾಲು ತಾಗೋ ಹಾಗೆ. ಆಮೇಲೆ ಕೋಟಿನ ಟೋಪಿ ನಿಧಾನವಾಗಿ ಹಿಂದಕ್ಕೆ ಸರಿಸ್ತಾಳೆ, ಬಾಯಿ ತುಂಬಾ ಕೆಸರು... ಅಬ್ಬಾ. ನೋಡಿದ್ಯಲ್ಲ ನೀನೂ? ಅದೇ ಹುಡುಗಿ, ಅದೇ ಕೋಟು, ಅಲ್ವಾ?

ಹೂಂ. ತಲೆ ಆಡಿಸ್ತಿದೀಯ ಅಂದ್ಮೇಲೆ ಸರಿ. ಎರಡು ವರ್ಷ ಮುಚ್ಚಿದ್ರು, ಏನೋ ದೊಡ್ಡದಾಗಿ ರಿಪೇರಿ ಮಾಡ್ತಾರೆ ಅಂದಿದ್ರು, ನನಗೇನೂ ವ್ಯತ್ಯಾಸ ಕಾಣಿಸಲಿಲ್ಲ.

ಇರು, ನೀನೇನೋ ಹೇಳೋಕೆ ಹೋಗ್ತಿದೀಯ, ಮೊದಲು ನಂದು ಮುಗೀಲಿ. ಅದಾದ್ಮೇಲೆ ಹೇಳು.

ನಿನಗೆ ನೆನಪಿದ್ಯಾ ಮೊದಲನೇ ಸಲ? ಹದಿನೈದೋ ಹದಿನಾರೋ ನಿನಗೆ. ನಿಮ್ಮಪ್ಪ ಗಾರ್ತ್ ಮೌಂಟ್ ಐಸಾ ಗಣಿಗೆ ಹೋದೋನು, ಇನ್ನು ಬರಲ್ಲ ಅಂತ ಫೋನಲ್ಲೇ ಹೇಳಿ ಮುಗಿಸಿದ್ದ. ನೀನು ಬಾಯಿ ಮುಚ್ಚಿದವನು ತೆಗೀಲೇ ಇಲ್ಲ. ಊಟಕ್ಕೆ ಕರೆದ್ರೆ ಬರ್ತಿದ್ದೆ, ತಿಂತಿದ್ದೆ, ಎದ್ದು ಹೋಗ್ತಿದ್ದೆ. ಸ್ಕೂಲಿನ ಟೀಚರು ನನ್ನ ಕರೆಸಿ, ಮನೇಲಿ ಎಲ್ಲಾ ಸರಿಯಾಗಿದ್ಯಾ ಅಂದ್ರು. ಏನು ಹೇಳ್ಲಿ ನಾನು? ನಮ್ಮೂರು ಬೀನ್‌ಲೀ ತುಂಬಾ ಎಲ್ಲರಿಗೂ ಗೊತ್ತಿತ್ತು. ಕೊನೆಗೆ ಒಂದು ಶನಿವಾರ ಏನೂ ಹೇಳದೆ ನಿನ್ನ ಎಬ್ಬಿಸಿ ಕಾರಲ್ಲಿ ಕೂರಿಸ್ಕೊಂಡು ಈ ಆಟದ ಪಾರ್ಕಿಗೆ ಬಂದೆ. ಯಾಕೆ ಇಲ್ಲಿಗೇ ಅಂತ ಇವತ್ತಿಗೂ ಗೊತ್ತಿಲ್ಲ ನನಗೆ. ದೆವ್ವ ನೋಡಿ ನಾನೂ ಹೆದರ್ತೀನಿ, ನೀನೂ ಹೆದರ್ತೀಯ, ಇಬ್ಬರೂ ಸೇರಿ ಏನಾದ್ರೂ ಕಿರುಚಿಬಿಡೋಣ ಅಂತಿತ್ತೋ ಏನೋ.

ಹುಡುಗಿ ಟೋಪಿ ತೆಗೆದ್ಲಲ್ಲ, ಆಗ ನೀನು ನನ್ನ ಕೈ ಹಿಡ್ಕೊಂಡೆ. ಹಿಡ್ಕೊಂಡೆ ಅಂದ್ರೆ ಏನು, ಮುರಿದೇ ಹೋಯ್ತು ಅಂದ್ಕೊಂಡೆ. 'ಅಮ್ಮಾ' ಅಂತ ಕೂಗಿದೆ. ಅಷ್ಟು ದಿನದಲ್ಲಿ ನಿನ್ನ ಬಾಯಿಂದ ಬಂದ ಮೊದಲನೇ ಮಾತು ಅದು. ಹೊರಗೆ ಬಂದ್ಮೇಲೆ ಆ ಬೇಲಿಗೆ ಒರಗಿಕೊಂಡು ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ದಾರೀಲಿ ಹೋಗೋರು ನಿಂತು ನೋಡ್ತಿದ್ರು. ಆ ದೆವ್ವದ ಹುಡುಗಿಗೆ ನಾನು ಇವತ್ತಿಗೂ ಋಣಿ ಕಣೋ. ಅದಕ್ಕೇ ಪ್ರತಿ ವರ್ಷ ನಿನ್ನ ಹುಟ್ಟಿದಬ್ಬಕ್ಕೆ ಎಳ್ಕೊಂಡು ಬರ್ತಿದ್ದೆ, ನಿನಗೆ ಮೀಸೆ ಬಂದ್ಮೇಲೂ, ನೀನು ನಾಚಿಕೊಂಡ್ರೂ.

ಅದಕ್ಕೇ ನೀನು ಮೊನ್ನೆ ಫೋನ್ ಮಾಡಿ 'ಅಮ್ಮ, ಇನ್ನೊಂದ್ಸಲ ಹೋಗೋಣ್ವಾ, ನಾವಿಬ್ಬರೇ' ಅಂದಾಗ ನನಗೆಷ್ಟು ಖುಷಿಯಾಯ್ತು ಗೊತ್ತಾ? ನನ್ನ ಸೊಸೆ ಟೆಗನ್ ಹೊಟ್ಟೇಲಿರೋದು ಹೊರಗೆ ಬಂದ್ಮೇಲೆ ನಿನಗೆಲ್ಲಿ ಪುರುಸೊತ್ತು ಸಿಗುತ್ತೆ. ಆ ಮಗೂನೂ ಒಂದಿನ ಇಲ್ಲಿಗೆ ಕರ್ಕೊಂಡು ಬರ್ತೀನಿ ನೋಡ್ತಿರು. ರೈಲಿನ ಬಾಗಿಲಲ್ಲಿ ಎತ್ತರ ಅಳೆಯೋ ಆ ಮರದ ಗೊಂಬೆ ಭುಜಕ್ಕೆ ಬಂದ ತಕ್ಷಣ. ಟೆಗನ್ ಬೇಡ ಅಂತಾಳೆ, ನಾವು ಅವಳಿಗೆ ಹೇಳಲ್ಲ.

ಅಂದ್ಹಾಗೆ ಅವಳಿಗೆ ಹೇಳಿಬಿಡು, ಕೆಲಸಕ್ಕೆ ವಾಪಸ್ ಹೋಗೋ ಚಿಂತೆ ಬೇಡ. ನಾನಿದೀನಲ್ಲ. ಮಗೂನ ನಾನು ನೋಡ್ಕೋತೀನಿ. ಸ್ನಾನ ಮಾಡಿಸ್ತೀನಿ, ಪಾರ್ಕಿಗೆ ಕರ್ಕೊಂಡು ಹೋಗ್ತೀನಿ, ಈಗ ಹೇಗೂ ಕೆಲಸ ಬಿಟ್ಟು ಮನೇಲೇ ಇದೀನಿ... ಯಾಕೆ ಗಡಿಯಾರ ನೋಡ್ತೀಯ? ಬಿಸಿಲಿದೆ ಇನ್ನೂ. ಚಳಿಗಾಲದಲ್ಲಿ ಬೇಗ ಕತ್ತಲಾಗುತ್ತೆ, ಒಪ್ತೀನಿ, ಆದ್ರೆ ಹೆದ್ದಾರಿ ಎಲ್ಲಿಗೂ ಓಡಿ ಹೋಗಲ್ಲ. ಕೂತ್ಕೋ.

ಯಾರೋ ನಮ್ಮನ್ನೇ ಕೂಗ್ತಿದಾರೆ ಅನ್ಸುತ್ತೆ, ಅಲ್ವಾ? ...ಬಾಮ್ಮ. ಹೌದು, ಈಗ ತಾನೇ ರೈಲು ಹತ್ತಿದ್ದೋರು ನಾವೇ. ರೈಲಲ್ಲಿ ತೆಗೆದ ಫೋಟೋನಾ? ಕೌಂಟರಲ್ಲೇ ಮರೆತು ಬಂದ್ವಾ, ಇಷ್ಟು ದೂರ ತಂದ್ಕೊಟ್ಯಲ್ಲ, ಒಳ್ಳೆದಾಗ್ಲಿ ನಿನಗೆ... ಹೆದರಿಕೆನಾ? ಆಗದೆ ಇರುತ್ತಾ. ನಾನು ಇವನಿಗೆ ಅದನ್ನೇ ಹೇಳ್ತಿದ್ದೆ, ಆ ಹುಡುಗಿ ಎದುರಿಗೆ ಬಂದು ಕೂತಾಗ... ಎದುರಿಗಲ್ವಾ?

ಪಕ್ಕದಲ್ಲಾ?

ಓ... ಮೊದಲು ಎದುರು ಕೂರ್ತಿದ್ಲು, ಈಗ ಪಕ್ಕದಲ್ಲಿ. ಹೊಸದಾಗಿ ಮಾಡಿರೋದು. ಲಾಟೀನೂ ದೂರ ಇಟ್ಬಿಡ್ತಾಳೆ, ಬೆಳಕು ಮಂಕಾಗಿರುತ್ತೆ, ಹೌದೌದು... ಮುಖಾನೂ ಅವಳದಲ್ಲ ಅಂತೀಯಾ? ಹೊರಗೆ ಸಾಲಲ್ಲಿ ನಿಂತಾಗ ಟೀವಿಯಲ್ಲಿ ಹೇಳ್ತಾನೇ ಇದ್ರಾ? ನಾನು ಮಾತಾಡ್ತಾ ಇದ್ದೆ ಅನ್ಸುತ್ತೆ, ನನ್ನ ಬಾಯಿ ನಿಲ್ಲಲ್ಲ ನೋಡು. ಬಾಗಿಲಲ್ಲಿ ನಮ್ಮಿಬ್ಬರದೂ ಬೇರೆ ಬೇರೆ ಫೋಟೋ ತೆಗೆದ್ರಲ್ಲ, ಅದು ಅದಕ್ಕಾ... ಟೋಪಿ ತೆಗೆದ್ರೆ ಜೊತೇಲಿ ಬಂದೋರ ಮುಖ. ನನ್ನ ಪೆಟ್ಟಿಗೇಲಿ ಇವನ ಮುಖ. ಇವನ ಪೆಟ್ಟಿಗೇಲಿ ನನ್ನದು. ಹಾಂ. ಅದೇ, ಅದೇ. ನೋಡಿದ್ವಲ್ಲ. ಎಲ್ಲರೂ ಅಲ್ಲೇ ಕಿರುಚೋದಾ... ಹೌದು, ಚೆನ್ನಾಗಿ ಮಾಡಿದೀರ. ಬರ್ತೀವಮ್ಮ ಮತ್ತೆ. ಹೂಂ.

ಒಳ್ಳೆ ಹುಡುಗಿ, ಆ ಕೌಂಟರಿನೋಳು. ಅಷ್ಟು ದೂರದಿಂದ ಓಡಿ ಬಂದ್ಲು.

ಏನೋ ಹಾಗೆ ಕೂತಿದೀಯ? ನಾನು ಏನೋ ಎದುರು ಪಕ್ಕ ಅಂತ ಗೊಂದಲ ಮಾಡ್ಕೊಂಡೆ, ಅಷ್ಟೇ. ಹಳೇದು ಹೊಸದು ಕಲಸಿ ಹೋಯ್ತು ತಲೇಲಿ. ನಿನ್ನ ಮುಖ ನೋಡಿದೆ ಕಣೋ. ಪಕ್ಕದಲ್ಲೇ ಬಂತು. ಚೆನ್ನಾಗೇ ಕಾಣ್ತಿದ್ದೆ... ಮೈ ಜುಮ್ ಅಂತು.

ಚಿಪ್ಸ್ ಪುಡಿ ಮಾಡ್ತಾ ಕೂರಬೇಡ ಫ್ಲಿನ್.

ಸರಿ. ನೋಡಲಿಲ್ಲ. ಸಾಕಾ? ನಿನ್ನ ಮುಖಾನೂ ನೋಡಲಿಲ್ಲ, ಆ ಹುಡುಗೀನೂ ನೋಡಲಿಲ್ಲ, ಹಳಿ, ಸುರಂಗ, ಲಾಟೀನು ಏನೂ ಇಲ್ಲ. ಪೆಟ್ಟಿಗೆ ಕಟ್ಟಿದ್ರು, ಕಪ್ಪಗಿತ್ತು, ತೆಗೆದ್ರು. ನಡುವೆ ಎಲ್ಲೋ ಒಂದು ಅಂಗಿ ಗುಂಡಿಯಷ್ಟು ಬೆಳಕು ಅಲ್ಲಾಡಿದ ಹಾಗಾಯ್ತು. ಧ್ವನಿ ಕೇಳಿಸ್ತು, ಗಾಳಿ ಬಂತು, ನೀರು ಬಿತ್ತು, ಮಿಕ್ಕಿದ್ದನ್ನೆಲ್ಲಾ ನಾನೇ ಹಳೇ ನೆನಪಿಂದ ತುಂಬ್ಕೊಂಡೆ. ನಿನ್ನ ಖುಷಿ ಯಾಕೆ ಹಾಳು ಮಾಡ್ಲಿ ಅಂತ ಬಾಯಿಗೆ ಬಂದಿದ್ದು ಹೇಳಿದೆ.

ಕಣ್ಣು ಮಂಕಾಗಿದೆ. ವಯಸ್ಸಾಯ್ತಲ್ಲ, ಇನ್ನೇನು. ಬಿಸಿಲಿದ್ರೆ ಪರವಾಗಿಲ್ಲ, ನೇರ ನೋಡಿದ್ರೆ ನೇರ ಇರೋದು ಕಾಣುತ್ತೆ. ಅಕ್ಕಪಕ್ಕ ಇರೋದು ಕಾಣಲ್ಲ. ಕೊಕ್ಕರೇನೂ ಕಾಣಲಿಲ್ಲ, ನೀನು ನಕ್ಕಾಗಲೇ ಗೊತ್ತಾಗಿದ್ದು.

ಸ್ಕೂಲಿನ ಮುಂದೆ ಮಕ್ಕಳನ್ನ ರಸ್ತೆ ದಾಟಿಸೋ ಕೆಲಸ ಬಿಟ್ಟೆ ಅಂತ ಹೇಳಿದ್ನಲ್ಲ ನಿನಗೆ, ಮೊಣಕಾಲು ನೋವು ಅಂತ. ಮೊಣಕಾಲಿಗೆ ಏನೂ ಆಗಿಲ್ಲ. ಒಂದಿನ ಬೆಳಗ್ಗೆ ಗಾಡಿ ನಿಲ್ಲಿಸೋ ಫಲಕ ಹಿಡ್ಕೊಂಡು ರಸ್ತೆ ನಡುವೆ ನಿಂತಿದೀನಿ, ಒಂದು ಪುಟ್ಟ ಹುಡುಗಿ ಆಟದ ಸ್ಕೂಟರ್ ತಳ್ಕೊಂಡು ನನ್ನ ಎಡಗಡೆಯಿಂದ ಹೊರಟಿದಾಳೆ. ಇನ್ನೂ ಹೊರಡು ಅಂದಿಲ್ಲ ನಾನು. ಕಾರಿನೋನು ಬ್ರೇಕ್ ಹಾಕಿದ ಶಬ್ದ ಕೇಳಿ ತಿರುಗಿ ನೋಡ್ತೀನಿ, ಮಗು ಕಾರಿನ ಮುಂದೆ ನಿಂತ್ಕೊಂಡು ನನ್ನೇ ನೋಡ್ತಿದೆ. ಏನೂ ಆಗಲಿಲ್ಲ. ಮಗು ದಾಟಿ ಹೋಯ್ತು. ಅವತ್ತು ಮಧ್ಯಾಹ್ನವೇ ಹೋಗಿ ಫಲಕ ವಾಪಸ್ ಕೊಟ್ಟೆ. ಯಾರಾದ್ರೂ ಕೇಳಿದ್ರೆ ಮೊಣಕಾಲು ಅಂದೆ.

ಅಂಥೋಳು ಈಗ ತಾನೇ ನಿನ್ನ ಮಗೂನ ಸ್ನಾನ ಮಾಡಿಸ್ತೀನಿ ಅಂದೆ. ಬೈಯೋ ನನ್ನ. ಮೊದಲೇ ಹೇಳೋಕೇನಾಗಿತ್ತು ಅನ್ನು. ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಇಷ್ಟು ಹೊತ್ತಿಗೆ ರಂಪ ಮಾಡಿರ್ತಿದ್ದೆ... ಬಾಯಿ ಬಿಡೋ.

ಆ ಫೋಟೋ ಆದ್ರೂ ಕೊಡು ಇಲ್ಲಿ. ಬಿಸಿಲಿಗೆ ಹಿಡಿದ್ರೆ ಕಾಣುತ್ತೆ, ಒಂದೊಂದೇ ತುಂಡಾಗಿ. ಕೈ ಅಡ್ಡ ಇಡಬೇಡ. ಹಾಂ... ಮುಂದಿನ ಸೀಟಲ್ಲಿ ದಪ್ಪಗಿರೋನೊಬ್ಬ, ಮುಖದ ಮೇಲೆ ಪೆಟ್ಟಿಗೆ, ಬಾಯಿ ಬಾವಿ ಹಾಗೆ ತೆರೆದಿದೆ. ಅವನ ಪಕ್ಕದೋಳು ಅವನ ಮಡಿಲಿಗೇ ಬಿದ್ದಿದಾಳೆ. ಹಿಂದೆ ಇಬ್ಬರು ಹುಡುಗೀರು, ಕೈ ಎರಡೂ ಮೇಲಕ್ಕೆ. ಅದೇ ಕ್ಷಣದಲ್ಲಿ ತೆಗೆದಿದ್ದು ಅನ್ಸುತ್ತೆ, ಪಕ್ಕದಲ್ಲಿ ಮುಖ ಬರೋ ಕ್ಷಣ. ಎಲ್ಲರೂ ಒಂದೇ ಕಡೆಗೆ ವಾಲಿದಾರೆ, ಗಾಳಿಗೆ ಹುಲ್ಲು ವಾಲಿದ ಹಾಗೆ.

ಇದು ನಾನು. ಮಡಿಲಲ್ಲಿ ಕೈ ಇಟ್ಕೊಂಡು ಚರ್ಚಿನಲ್ಲಿ ಕೂತ ಹಾಗೆ ಕೂತಿದೀನಿ. ಅಲ್ವೇ ಮತ್ತೆ, ಏನು ಕಂಡಿದೆ ಅಂತ ಕಿರುಚ್ಲಿ.

ನೀನೆಲ್ಲಿ? ಇಲ್ಲಿ... ಇಲ್ಲಿದೀಯ.

ನೀನ್ಯಾಕೆ ಕಿರುಚಿಲ್ಲ?

ಬಾಯಿ ಮುಚ್ಚಿದೆ. ಬಸ್ಸಿಗೆ ಕಾಯೋನ ಹಾಗೆ ನೇರ ನೋಡ್ತಾ ಕೂತಿದೀಯ. ಕೈ ಸಡಿಲವಾಗಿದೆ. ನಿನ್ನ ಪಕ್ಕದಲ್ಲಿ ನನ್ನ ಮುಖ ಇಟ್ಕೊಂಡು ಅವಳು ಕೂತಿರಬೇಕು ಆ ಹೊತ್ತಿಗೆ. ನೀನು ಆ ಕಡೆ ತಿರುಗೇ ಇಲ್ಲ.

ನಾನು ಎದುರು ಸೀಟು ಅಂದೆ. ಬಾಯಿ ತುಂಬಾ ಕೆಸರು ಅಂದೆ. ನೀನು ತಲೆ ಆಡಿಸಿದೆ. ನೀನು ನನ್ನ ಪಕ್ಕದಲ್ಲೇ ಇದ್ದೆ, 'ಅಲ್ಲಮ್ಮ, ಅವಳು ಪಕ್ಕದಲ್ಲಿ ಕೂತಿದ್ಲು, ನಿನ್ನ ಮುಖ ಇತ್ತು ಅವಳಿಗೆ' ಅಂತ ಯಾಕೆ ಹೇಳಲಿಲ್ಲ? ಹೆದರಿಸೋಕಾದ್ರೂ, ಗೇಲಿ ಮಾಡೋಕಾದ್ರೂ ಹೇಳ್ತಿದ್ದೆ ನೀನು. ಸುಳ್ಳು ಹೇಳ್ತಿದಾಳೆ ಅಂತ ಗೊತ್ತಾಗಿದ್ರೆ ಮೊದಲು ನೀನೇ ನಗ್ತಿದ್ದೆ.

ನಿನಗೆ ಗೊತ್ತಾಗಲಿಲ್ಲ.

ಫ್ಲಿನ್, ಈ ಕಡೆ ನೋಡು. ತಟ್ಟೆ ನೋಡಬೇಡ, ನನ್ನ ನೋಡು. ನೀನೂ ನೋಡಲಿಲ್ಲ ಅಲ್ವಾ.

ಬ್ರೆಡ್ ವ್ಯಾನ್ ಓಡಿಸೋ ರಾತ್ರಿ ಪಾಳಿ ಬಿಟ್ಟು ಗೋದಾಮಿನ ಹಗಲು ಕೆಲಸಕ್ಕೆ ಸೇರ್ಕೊಂಡ್ಯಲ್ಲ. ಟೆಗನ್ ಒಬ್ಬಳೇ ಇರ್ತಾಳೆ ಅಂತ ಹೇಳಿದ್ದೆ ನನಗೆ. ನಾನು ನಂಬಿದೆ, ಎಷ್ಟು ಒಳ್ಳೆ ಗಂಡ ಅಂತ ಪಕ್ಕದ ಮನೆಯೋಳ ಹತ್ರ ಹೊಗಳಿಕೊಂಡೂ ಬಂದೆ. ಅದಲ್ಲ ಅಲ್ವಾ. ರಸ್ತೆ ಕಾಣ್ತಿರಲಿಲ್ಲ ನಿನಗೆ.

ಹೇಳು, ಎಷ್ಟು ದಿನದಿಂದ? ...ಹೇಳಬೇಡ, ಬಿಡು. ಈಗ ಬೇಡ.

ಇವತ್ತು ಬೆಳಗ್ಗೆಯಿಂದ ನೀನು ಬಾಯಿ ತೆಗೆದಾಗೆಲ್ಲಾ ನಾನೇ ಅಡ್ಡ ಮಾತಾಡಿದೀನಿ. ಇದನ್ನ ಹೇಳೋಕೇ ಕರ್ಕೊಂಡು ಬಂದ್ಯಾ ನನ್ನ? ನಾವಿಬ್ಬರೇ ಅಂದಿದ್ದು ಇದಕ್ಕಾ? ಮಗನೇ... ಒಬ್ಬನೇ ಇಟ್ಕೊಂಡು ಓಡಾಡ್ತಿದ್ದೀಯ. ನಿನಗೇನೋ ಆಗಿದೆ, ಯಾಕಾಗಿದೆ ಗೊತ್ತಿಲ್ಲ, ಅಮ್ಮನಿಗೆ ಹೇಳಿದ್ರೆ ಗಾಬರಿ ಆಗ್ತಾಳೆ ಅಂತ.

ಅಮ್ಮನಿಗೆ ಗೊತ್ತಿತ್ತು ಕಣೋ.

ವಯಸ್ಸು ಅಂದ್ನಲ್ಲ ಈಗ, ವಯಸ್ಸಲ್ಲ ಇದು. ನಿಮ್ಮಜ್ಜ ಮರ್ವ್, ನಮ್ಮಪ್ಪ, ಇಪ್ಸ್ವಿಚ್‌ನಲ್ಲಿ ಕತ್ತಲಾದ್ಮೇಲೆ ಬೇಲಿ ಮೇಲೆ ಕೈ ಇಟ್ಕೊಂಡು ಸವರ್ಕೊಂಡು ಮನೆಗೆ ಬರ್ತಿದ್ರು. ಕುಡಿದು ತೂರಾಡ್ತಾನೆ ಅಂತ ಇಡೀ ಬೀದಿ ಮಾತಾಡ್ತಿತ್ತು. ನಾನೂ ಹಾಗೇ ಅಂದ್ಕೊಂಡೆ. ಸ್ನೇಹಿತೆಯರ ಜೊತೆ ಇದ್ರೆ ರಸ್ತೆ ಆ ಕಡೆಗೆ ದಾಟಿಬಿಡ್ತಿದ್ದೆ, ಅಪ್ಪನ ಕಣ್ಣಿಗೆ ಬೀಳಬಾರದು ಅಂತ. ಅವರಿಗೆ ಕಾಣ್ತಾನೇ ಇರಲಿಲ್ಲ. ಡಾಕ್ಟರು ನನ್ನ ಕಣ್ಣು ನೋಡಿ, ನಿಮ್ಮ ತಂದೆ ತಾಯಿಗೆ ಹೇಗಿತ್ತು ಅಂತ ಕೇಳಿದಾಗಲೇ ನನಗೆ ಅದು ತಿಳಿದಿದ್ದು, ಅಷ್ಟು ವರ್ಷ ಆದ್ಮೇಲೆ.

ಈಸ್ಟರ್ ಹೊತ್ತಿಗೆ ಹೋಗಿದ್ದೆ, ಸೌತ್‌ಪೋರ್ಟ್‌ಗೆ, ರೈಲಲ್ಲಿ, ಯಾರಿಗೂ ಹೇಳದೆ. ತಾಳ್ಮೆಯಿಂದ ಹೇಳಿದ್ರು ಪಾಪ ಆ ಡಾಕ್ಟರು. ಮೊದಲು ಮಂಕು ಬೆಳಕಲ್ಲಿ ಕಾಣೋದು ಹೋಗುತ್ತೆ, ಆಮೇಲೆ ಅಂಚು ಹೋಗುತ್ತೆ, ಕೊನೆಗೆ ನಡುವೆ ಒಂದು ಕಿಂಡಿ ಉಳಿಯುತ್ತೆ, ಅದೂ ಎಷ್ಟು ದಿನವೋ ಗೊತ್ತಿಲ್ಲ ಅಂದ್ರು. ರಕ್ತದಲ್ಲೇ ಬರೋದು ಅಂದ್ರು. ತಾಯಿಗಿದ್ರೆ ಮಕ್ಕಳಿಗೆ ಬಂದರೂ ಬರಬಹುದು, ಬರದೇ ಇದ್ದರೂ ಇರಬಹುದು, ಅರ್ಧಕ್ಕರ್ಧ. ಬೇಗ ಗೊತ್ತಾದ್ರೆ ಒಳ್ಳೇದು, ಅವರು ಎಂಥ ಕೆಲಸ ಹಿಡೀಬೇಕು, ಮಕ್ಕಳು ಮಾಡ್ಕೋಬೇಕಾ ಅಂತ ಯೋಚನೆ ಮಾಡ್ಕೋತಾರೆ ಅಂದ್ರು. ಆಮೇಲೆ ಪೆನ್ನು ಎತ್ಕೊಂಡು, ನಿಮಗೆ ಮಕ್ಕಳಿದಾರಾ ಅಂತ ಕೇಳಿದ್ರು.

ಇಲ್ಲ ಅಂದೆ.

ಅದಕ್ಕೆ ಮುಂಚಿನ ಭಾನುವಾರ ನೀವಿಬ್ಬರೂ ಊಟಕ್ಕೆ ಬಂದಿದ್ರಿ. ಟೆಗನ್ ಏನೂ ಹೇಳದೆ ನನ್ನ ತಟ್ಟೆ ಪಕ್ಕ ಆ ಸ್ಕ್ಯಾನ್ ಚಿತ್ರ ಇಟ್ಲು. ನಾನು ಎಷ್ಟು ಹೊತ್ತಾದ್ರೂ ನೋಡಲೇ ಇಲ್ಲ, ನೀವಿಬ್ಬರೂ ನಗ್ತಾ ಕಾಯ್ತಿದ್ರಿ, ನಾನು ಬೇಕಂತಲೇ ಆಟ ಆಡ್ತಿದೀನಿ ಅಂದ್ಕೊಂಡ್ರಿ. ಆ ಚಿತ್ರ ನನ್ನ ಕೈಚೀಲದಲ್ಲೇ ಇತ್ತು ಡಾಕ್ಟರ ಮುಂದೆ ಕೂತಾಗ. ಹೌದು, ಮಗ ಇದಾನೆ, ಫ್ಲಿನ್ ಅಂತ ಹೆಸರು ಅಂತ ಹೇಳಿಬಿಟ್ರೆ, ಅದು ನಿನಗೂ ಹತ್ತಿಕೊಂಡುಬಿಡುತ್ತೇನೋ ಅನ್ನೋ ಥರ ಆಯ್ತು ನನಗೆ. ಹೇಳದೆ ಇದ್ರೆ ನಿನ್ನ ತಂಟೆಗೆ ಬರಲ್ಲ ಅನ್ನೋ ಥರ. ಮಕ್ಕಳಿಲ್ಲ ಡಾಕ್ಟ್ರೇ ಅಂದೆ. ಅವರು ಬರ್ಕೊಂಡ್ರು. ಮನೆಗೆ ಬಂದು ಆ ಚಿತ್ರಾನ ಫ್ರಿಜ್ ಮೇಲೆ ಅಂಟಿಸಿದೆ.

ಅವತ್ತು ಹೇಳಿದ್ರೂ ಮಗು ಹೊಟ್ಟೇಲಿ ಆಗಲೇ ಇತ್ತು. ಆದ್ರೆ ನೀನು ಒಬ್ಬನೇ ಇರ್ತಿರಲಿಲ್ಲ.

ಟೆಗನ್‌ಗೆ ಗೊತ್ತಾ? ...ಇಲ್ಲ ಅಲ್ವಾ.

ಅಳಬೇಡ ಅನ್ನಲ್ಲ ನಾನು. ಅಳು. ಈ ಜಾಗದಲ್ಲಿ ಯಾರೂ ಏನೂ ಅಂದ್ಕೊಳಲ್ಲ, ದೆವ್ವ ನೋಡಿ ಹೆದರಿದಾನೆ ಅಂದ್ಕೋತಾರೆ. ನನ್ನ ಕೈ ಇಲ್ಲಿದೆ. ಎಡಗಡೆ ಅಲ್ಲ, ಈ ಕಡೆ. ಹಾಂ.

ದೀಪ ಹಾಕೋಕೆ ಶುರು ಮಾಡಿದ್ರು. ಅದಕ್ಕೇ ನೀನು ಆಗಲೇ ಗಡಿಯಾರ ನೋಡಿದ್ದು. ಬೆಳಕಿರುವಾಗಲೇ ನನ್ನ ಮನೆ ಮುಟ್ಟಿಸಬೇಕು ಅಂತಿದ್ದೆ, ನಾನು ಕೂರಿಸಿಬಿಟ್ಟೆ. ಈಗ ಆಗಲ್ಲ. ಆ ಹೆದ್ದಾರೀಲಿ, ಈ ಹೊತ್ತಲ್ಲಿ, ನೀನು ಓಡಿಸೋದು ಬೇಡ. ಬೀಗದ ಕೈ ಕೊಡು ನನಗೆ. ನಾನು ಓಡಿಸೋಕಲ್ಲ ಕಣೋ, ನಿನ್ನ ಕೈಲಿ ಇರಬಾರದು ಅಂತ.

ಫೋನ್ ತೆಗಿ. ಟೆಗನ್‌ಗೆ ಮಾಡು. ನೀನು ಮಾತಾಡ್ತೀಯಾ? ...ಸರಿ, ನನಗೆ ಕೊಡು. ಬಾಗಿಲ ಹತ್ರ ಬೆಂಚಿದೆ, ಅಲ್ಲಿ ಕಾಯ್ತಾ ಕೂರೋಣ, ಬಂದ್ಮೇಲೆ ಅವಳನ್ನೂ ಕೂರಿಸ್ಕೊಂಡು ಹೇಳ್ತೀನಿ. ನಾನೇ ಹೇಳ್ತೀನಿ. ನೀನು ನನ್ನ ಪಕ್ಕದಲ್ಲಿರು ಅಷ್ಟೇ.

ರಿಂಗ್ ಆಗ್ತಿದೆ.

ಟೆಗನ್, ನಾನಮ್ಮ, ನೋಲೀನ್. ಹೂಂ, ಇನ್ನೂ ಪಾರ್ಕಲ್ಲೇ ಇದೀವಿ... ಇದಾನೆ, ಇಲ್ಲೇ ಇದಾನೆ ನನ್ನ ಜೊತೆ. ನೀನು ಬಂದು ನಮ್ಮಿಬ್ಬರನ್ನ ಕರ್ಕೊಂಡು ಹೋಗ್ತೀಯಾ? ನಿಧಾನವಾಗಿ ಬಾ, ಅವಸರ ಇಲ್ಲ... ಇಲ್ಲ ಕಣಮ್ಮ, ಕಾರಿಗೇನೂ ಆಗಿಲ್ಲ. ಕಾರು ಚೆನ್ನಾಗಿದೆ.